ಋಣಭಾರ ಪತ್ರ ಹೇಳದ ಋಣ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹೇಳಿಟ್ಟ ನಮ್ಮ ಹಿರಿಯರು, ಕಟ್ಟಿದ ಮನೆಯನ್ನು ಕೊಂಡು ನೋಡುವ ವಿಷಯದಲ್ಲಿ ಏನನ್ನೂ ಹೇಳದೆ ಹೋದರು. ಅವರ ಕಾಲಕ್ಕೆ ಅದು ಅಷ್ಟೊಂದು ತೊಡಕಿನ ಮಾತಾಗಿರಲಿಲ್ಲವೆಂದು ತೋರುತ್ತದೆ. ಯಾವ ಮನೆ ಯಾರದು, ಯಾವ ಗದ್ದೆ ಯಾವ ಸಾಹುಕಾರನಲ್ಲಿ ಭೋಗ್ಯಕ್ಕಿದೆ ಎಂಬುದು ಊರಿಗೆಲ್ಲ ತಿಳಿದಿರುತ್ತಿತ್ತು. ಶಾನುಭೋಗರನ್ನು ಕೇಳುವ ಮೊದಲೇ ಬಾವಿಕಟ್ಟೆಯಲ್ಲಿ ಉತ್ತರ ದೊರೆಯುತ್ತಿತ್ತು. ಪಟ್ಟಣದಲ್ಲಿ ಆ ಸೌಕರ್ಯವಿಲ್ಲ. ಪಕ್ಕದ ಮನೆಯವರ ಹೆಸರೇ ತಿಳಿಯದಿರುವಲ್ಲಿ ಅವರ ಸಾಲ ತಿಳಿಯುವುದೆಂತು? ಆದುದರಿಂದ ನಾವು ಕಾಗದವನ್ನು ನಂಬುತ್ತೇವೆ. ಜನ ಇ.ಸಿ. ಎಂದು ಕರೆಯುವ ಋಣಭಾರ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಪಡೆದು, ಅದರಲ್ಲಿ ಸಾಲದ ಸುಳಿವಿಲ್ಲದಿದ್ದರೆ ಗಣಪತಿಗೆ ಒಂದು ತೆಂಗಿನಕಾಯಿ ಒಡೆದು ಮುಂಗಡ ಕೊಟ್ಟುಬಿಡುತ್ತೇವೆ.

ಆ ಪತ್ರ ಸುಳ್ಳು ಹೇಳುವುದಿಲ್ಲ. ಆದರೆ ತನಗೆ ತಿಳಿದುದನ್ನು ಮಾತ್ರ ಹೇಳುತ್ತದೆ. ಅದಕ್ಕೆ ತಿಳಿಯದಂತೆಯೇ ಮಾಡಬಹುದಾದ ಒಂದು ಬಗೆಯ ಅಡಮಾನ ನಮ್ಮ ದೇಶದಲ್ಲಿ ನೂರ ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಶಾಸನದ ಒಪ್ಪಿಗೆಯಿಂದಲೇ ನಡೆದುಬಂದಿದೆ. ಮನೆ ಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಇದರ ಅರಿವಿದೆಯೋ ಕಾಣೆ.

ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಹೆಸರು ಬೇಡ, ಹಲವು ಮನೆಗಳಲ್ಲಿ ಹಲವು ಬಗೆಯಾಗಿ ನಡೆಯುವುದನ್ನು ಒಂದೇ ಮನೆಯಲ್ಲಿ ನಡೆದಂತೆ ಹೇಳುತ್ತಿದ್ದೇನೆ. ಯಜಮಾನರು ನಿವೃತ್ತರಾದ ಹೈಸ್ಕೂಲು ಮೇಷ್ಟರು. ಭವಿಷ್ಯನಿಧಿಯ ಹಣ, ಊರಿನ ಜಮೀನಿನಲ್ಲಿ ಪಾಲಿಗೆ ಬಂದುದನ್ನು ಮಾರಿದ ಹಣ ಎರಡನ್ನೂ ಕೂಡಿಸಿ, ಬೆಂಗಳೂರಿನ ಒಂದು ಬಡಾವಣೆಯಲ್ಲಿ ಮೂವತ್ತು ನಲವತ್ತರ ನಿವೇಶನದ ಮನೆಯೊಂದನ್ನು ನೋಡಿದರು. ಸಾಲ ಮಾಡಲಿಲ್ಲ. ಸಾಲವಿಲ್ಲದೆ ಮನೆ ಕೊಳ್ಳುತ್ತಿದ್ದೇನೆಂಬುದು ಅವರ ಹೆಮ್ಮೆಯೂ ಆಗಿತ್ತು. ಮಾರುವವರು ಅಂಗಡಿ ವ್ಯಾಪಾರದವರು, ಸಭ್ಯರು, ಮನೆಗೆ ಹೋದವರಿಗೆ ಕಾಫಿ ಕೊಡದೆ ಕಳುಹಿಸಿದವರಲ್ಲ. ಇ.ಸಿ.ಯಲ್ಲಿ ಅವರು ಆ ಮನೆಯನ್ನು ಕೊಂಡ ಕ್ರಯವೊಂದೇ ದಾಖಲೆ. ಅದರಾಚೆಗೆ ಅಡಮಾನವಿಲ್ಲ, ತಕರಾರಿಲ್ಲ. ಕಂದಾಯ ಕಟ್ಟಿದ ರಸೀತಿಗಳು ಸಾಲಾಗಿ ಇದ್ದವು. ಮೂಲ ಕ್ರಯಪತ್ರ ಮಾತ್ರ ಇರಲಿಲ್ಲ. ಮನೆ ಬದಲಾಯಿಸುವಾಗ ಕಳೆದುಹೋಯಿತೆಂದು ಅವರು ಹೇಳಿದರು. ಪೋಲೀಸರಿಗೆ ಕೊಟ್ಟ ದೂರಿನ ಸ್ವೀಕೃತಿಯನ್ನೂ ತೋರಿಸಿದರು.

“ಮೇಷ್ಟ್ರೇ, ರಿಜಿಸ್ಟ್ರಾರ್ ಕಚೇರಿಯ ಮೊಹರು ಹಾಕಿದ ದೃಢೀಕೃತ ನಕಲನ್ನೇ ಕೊಡುತ್ತಿದ್ದೇನೆ. ಸರ್ಕಾರದ ಮೊಹರಿಗಿಂತ ಹೆಚ್ಚಿನದು ಯಾವುದಿದೆ?” ಎಂದರು.

ಮೇಷ್ಟರಿಗೂ ಅದು ಸರಿಯೆನಿಸಿತು. ಕ್ರಯವಾಯಿತು, ಗೃಹಪ್ರವೇಶವಾಯಿತು. ಎರಡು ವರ್ಷಗಳಾದ ಮೇಲೆ ಒಂದು ದಿನ ಹಿಂದಿನ ಮಾಲೀಕರ ಹೆಸರಿಗೆ ಒಂದು ರಿಜಿಸ್ಟರ್ಡ್ ಲಕೋಟೆ ಬಂದಿತು. ಮೇಷ್ಟರ ಹೆಂಡತಿ “ಅವರು ಇಲ್ಲಿಲ್ಲಪ್ಪ, ಮನೆ ಮಾರಿ ಹೋದರು” ಎಂದು ಅಂಚೆಯವನಿಗೆ ಹೇಳಿ ಹಿಂದಕ್ಕೆ ಕಳುಹಿಸಿದರು. ಅದರಲ್ಲಿ ತಪ್ಪೇನು? ಬೇರೆಯವರ ಕಾಗದವನ್ನು ಒಡೆಯುವುದು ಸರಿಯಲ್ಲ. ಎರಡೂವರೆ ತಿಂಗಳ ನಂತರ ಬೆಳಗ್ಗೆ ರಂಗೋಲಿ ಹಾಕಲು ಬಂದಾಗ, ಗೇಟಿನ ಪಕ್ಕದ ಗೋಡೆಗೆ ಒಂದು ನೋಟೀಸು ಅಂಟಿಸಿತ್ತು. ಈ ಸ್ವತ್ತನ್ನು ಬ್ಯಾಂಕು ಸ್ವಾಧೀನಕ್ಕೆ ತೆಗೆದುಕೊಂಡಿದೆ, ಸಾರ್ವಜನಿಕರು ಇದರ ವಿಷಯದಲ್ಲಿ ಯಾವ ವ್ಯವಹಾರವನ್ನೂ ಮಾಡಕೂಡದು ಎಂದು.

ಏನಾಗಿತ್ತು? ಅಂಗಡಿಯವರು ಮನೆ ಮಾರುವುದಕ್ಕೆ ನಾಲ್ಕು ವರ್ಷ ಮೊದಲು ವ್ಯಾಪಾರಕ್ಕೆಂದು ಬ್ಯಾಂಕಿನಿಂದ ಹಣ ಪಡೆದು, ಮೂಲ ಕ್ರಯಪತ್ರವನ್ನು ಅಲ್ಲಿ ಒಪ್ಪಿಸಿದ್ದರು. ಮನೆ ಮಾರಿದ ಮೇಲೂ ಎರಡು ವರ್ಷ ಬಡ್ಡಿಯನ್ನು ತಪ್ಪದೆ ಕಟ್ಟಿಕೊಂಡು ಬಂದರು. ಆದ್ದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ವ್ಯಾಪಾರ ಬಿದ್ದಿತು, ಬಡ್ಡಿ ನಿಂತಿತು, ಬ್ಯಾಂಕು ಎದ್ದಿತು.

“ನಾವು ಹಣ ಕೊಟ್ಟು, ರಿಜಿಸ್ಟರ್ ಮಾಡಿಸಿಕೊಂಡು ತೊಗೊಂಡ ಮನೆ ಅಲ್ಲವೇನೂಂದ್ರೆ? ಅವರ ಸಾಲಕ್ಕೂ ನಮಗೂ ಏನು ಸಂಬಂಧ?” ಎಂದು ಆಕೆ ಕೇಳಿದರು. ಈ ಲೇಖನವೆಲ್ಲ ಆ ಪ್ರಶ್ನೆಗೆ ಉತ್ತರ.

ನಮ್ಮ ದೇಶದ ಸ್ಥಿರಾಸ್ತಿಯ ವ್ಯವಹಾರಗಳನ್ನು ಆಳುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ. ಅದರ ಪ್ರಕಾರ 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲಕ್ಕೆ ಮಾಡುವ ಸಾಧಾರಣ ಅಡಮಾನವು ಬರಹದಲ್ಲಿರಬೇಕು, ಇಬ್ಬರು ಸಾಕ್ಷಿಗಳ ರುಜು ಇರಬೇಕು, ನೋಂದಣಿಯಾಗಿರಬೇಕು. (ನೂರು ರೂಪಾಯಿಯ ಈ ಗೆರೆಯನ್ನು ಅಂದು ಎಳೆದವರಿಗೆ, ಇಂದು ಆ ನೂರು ರೂಪಾಯಿಗೆ ದಂಪತಿಗಳಿಬ್ಬರು ಹೋಟೆಲಿನಲ್ಲಿ ಹೊಟ್ಟೆ ತುಂಬ ಉಣ್ಣುವುದೂ ಕಷ್ಟವೆಂದು ತಿಳಿದಿದ್ದರೆ ಏನೆನ್ನುತ್ತಿದ್ದರೋ! ಗೆರೆ ಮಾತ್ರ ಹಾಗೆಯೇ ಇದೆ.) ಹೀಗೆ ಬರಹದಿಂದ ಮಾಡಬೇಕಾದ ಅಡಮಾನವನ್ನು ನೋಂದಾಯಿಸದೆ ಬಿಟ್ಟರೆ ಅದು ಅಡಮಾನವೇ ಆಗದು, ಮುಂದೆ ಮನೆ ಕೊಂಡವನು ಅದಕ್ಕೆ ಅಂಜಬೇಕಾಗಿಲ್ಲ. ಮಾರುವವನು ಛಾಪಾ ಕಾಗದದ ಮೇಲೆ ಯಾರಿಗೋ ಗುಟ್ಟಾಗಿ ಬರೆದುಕೊಟ್ಟ ಆಧಾರ ಪತ್ರ ಬರಿಯ ಸಾಲದ ಕಾಗದವಾಗಿ ಉಳಿಯುತ್ತದೆ.

ಆದರೆ ಅದೇ ಕಾಯಿದೆಯಲ್ಲಿ ಇನ್ನೊಂದು ಬಾಗಿಲು ತೆರೆದಿದೆ. ಸಾಲಗಾರನು ತನ್ನ ಹಕ್ಕುಪತ್ರಗಳನ್ನು, ಆ ಸ್ವತ್ತು ಸಾಲಕ್ಕೆ ಭದ್ರತೆಯಾಗಿರಲೆಂಬ ಉದ್ದೇಶದಿಂದ, ಸಾಲ ಕೊಟ್ಟವನ ಕೈಗೆ ಒಪ್ಪಿಸಿದರೆ ಅಷ್ಟೇ ಸಾಕು, ಅಡಮಾನ ಪೂರ್ಣವಾಯಿತು. ಬರಹ ಬೇಡ, ಸಾಕ್ಷಿ ಬೇಡ, ಸಬ್‌ರಿಜಿಸ್ಟ್ರಾರರ ಮುಂದೆ ಹೆಬ್ಬೆಟ್ಟು ಒತ್ತುವುದೂ ಬೇಡ.

ಈ ಪದ್ಧತಿ ಇಂಗ್ಲೆಂಡಿನಿಂದ ಬಂದುದು. ಅಲ್ಲಿ 1783ರಲ್ಲಿ ನ್ಯಾಯಾಧೀಶರು, ಪತ್ರಗಳನ್ನು ಸಾಲಗಾರನಿಂದ ಪಡೆದು ಇಟ್ಟುಕೊಂಡುದೇ ಅಡಮಾನದ ಒಪ್ಪಂದಕ್ಕೆ ಸಾಕ್ಷಿಯೆಂದು ತೀರ್ಪಿತ್ತರು. ನಮ್ಮಲ್ಲಿ ಕಲ್ಕತ್ತ, ಮದರಾಸು, ಮುಂಬಯಿಗಳ ವರ್ತಕರಿಗೆ ಇದು ಬಹು ಅನುಕೂಲವಾಯಿತು. ಹಡಗು ಬಂದರಿನಲ್ಲಿ ನಿಂತಿರುವಾಗ ಸರಕಿಗೆ ಹಣ ಬೇಕು. ದಸ್ತಾವೇಜು ಬರೆಸಿ ನೋಂದಾಯಿಸುತ್ತ ಕೂಡುವಷ್ಟು ಪುರಸೊತ್ತಿಲ್ಲ. ಆದ್ದರಿಂದ ಈ ರಿಯಾಯಿತಿ ಮೊದಲು ಅಂಥ ಕೆಲವು ವ್ಯಾಪಾರದ ನಗರಗಳಿಗೆ ಮಾತ್ರ ಸಲ್ಲುತ್ತಿತ್ತು. ಕರಾಚಿ, ರಂಗೂನುಗಳೂ ಆ ಪಟ್ಟಿಯಲ್ಲಿದ್ದವು. ಮುಂದೆ ಸರ್ಕಾರಗಳು ಅಧಿಸೂಚನೆಯಿಂದ ಇತರ ಊರುಗಳನ್ನೂ ಸೇರಿಸುತ್ತ ಬಂದವು. ಬೆಂಗಳೂರಿನಂಥ ನಗರ ಅದರಿಂದ ಹೊರಗುಳಿಯುವುದು ಸಾಧ್ಯವಿರಲಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಅಧಿಸೂಚನೆಯ ಮಾತು ಪತ್ರಗಳನ್ನು ಒಪ್ಪಿಸುವ ಊರಿಗೆ ಸಂಬಂಧಿಸಿದುದು, ಮನೆ ಇರುವ ಊರಿಗಲ್ಲ. ಹಾಸನದ ಕಡೆಯ ಹಳ್ಳಿಯೊಂದರಲ್ಲಿರುವ ಮನೆಯ ಪತ್ರವನ್ನು ಬೆಂಗಳೂರಿನಲ್ಲಿ ಒಪ್ಪಿಸಿ ಸಾಲ ಪಡೆಯಬಹುದು. ‘ನಮ್ಮದು ಸಣ್ಣ ಊರು, ಇಲ್ಲಿ ಅಂಥದೆಲ್ಲ ಇಲ್ಲ’ ಎಂದುಕೊಂಡವರು ಇದನ್ನು ಗಮನಿಸಬೇಕು. ಪದ್ಧತಿಯನ್ನು ಕಳುಹಿಸಿಕೊಟ್ಟ ಇಂಗ್ಲೆಂಡಿನಲ್ಲಿ 1989ರ ಶಾಸನವೊಂದು ಬಂದ ಮೇಲೆ, ಬರಹವಿಲ್ಲದೆ ಬರಿಯ ಪತ್ರ ಒಪ್ಪಿಸಿ ಮಾಡುವ ಅಡಮಾನ ನಿಂತುಹೋಯಿತು. ನಮ್ಮಲ್ಲಿ ಅದು ದಿನದಿನಕ್ಕೆ ಬೆಳೆದಿದೆ. ಇಂದು ಗೃಹಸಾಲಗಳಲ್ಲಿ ಬಹುಪಾಲು ನಡೆಯುವುದು ಈ ಮಾರ್ಗದಲ್ಲಿಯೇ.

ಬ್ಯಾಂಕಿನವರು ಬರಹವನ್ನೇ ಇಡುವುದಿಲ್ಲವೆಂದಲ್ಲ. ಒಂದು ನೆನಪಿನ ಪತ್ರವನ್ನು ಬರೆಸಿಕೊಳ್ಳುತ್ತಾರೆ. ಅದರ ಭಾಷೆ ನೋಡುವಂತಹುದು. ‘ಈ ಮೂಲಕ ನನ್ನ ಪತ್ರಗಳನ್ನು ಭದ್ರತೆಯಾಗಿ ಒಪ್ಪಿಸುತ್ತಿದ್ದೇನೆ’ ಎಂದು ಬರೆದರೆ ಆ ಕಾಗದವೇ ಅಡಮಾನ ಪತ್ರವಾಗಿಬಿಡುತ್ತದೆ, ನೋಂದಣಿ ಬೇಕಾಗುತ್ತದೆ. ‘ನಿನ್ನೆಯ ದಿನ ತಮ್ಮ ಕಚೇರಿಗೆ ಬಂದು ಒಪ್ಪಿಸಿದ್ದೇನೆ’ ಎಂದು ಬರೆದರೆ ಅದು ನಡೆದುಹೋದುದರ ನೆನಪು ಮಾತ್ರ, ನೋಂದಣಿ ಬೇಡ. ಸುಪ್ರೀಂ ಕೋರ್ಟು 1950ರಷ್ಟು ಹಿಂದೆಯೇ ಈ ಭೇದವನ್ನು ವಿವರಿಸಿತು. ಅಂದಿನಿಂದ ಇಂದಿನವರೆಗೆ ಬ್ಯಾಂಕಿನ ಗುಮಾಸ್ತರು ಪತ್ರವನ್ನು ಒಂದು ದಿನ ಪಡೆದು, ನೆನಪಿನ ಕಾಗದಕ್ಕೆ ಮಾರನೆಯ ದಿನದ ತಾರೀಖು ಹಾಕಿಸುವುದನ್ನು ಮರೆತಿಲ್ಲ. ನಮ್ಮ ವ್ಯಾಕರಣದ ಪಂಡಿತರು ಭೂತಕಾಲ ವರ್ತಮಾನಕಾಲಗಳ ಬೆಲೆಯನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಕಾಣಲಾರರು. ಈಗೀಗ ಅನೇಕ ಬ್ಯಾಂಕುಗಳು ಈ ನೆನಪಿನ ಪತ್ರವನ್ನೂ ನೋಂದಾಯಿಸುತ್ತವೆ. ಹಾಗೆ ಮಾಡಿದಲ್ಲಿ ಅದು ಇ.ಸಿ.ಯಲ್ಲಿ ಕಾಣಿಸಿಕೊಳ್ಳುತ್ತದೆ. ಮಹಾರಾಷ್ಟ್ರ, ತಮಿಳುನಾಡುಗಳು ತಮ್ಮ ತಮ್ಮ ತಿದ್ದುಪಡಿಗಳಿಂದ ಈ ಬಿರುಕನ್ನು ಮುಚ್ಚಲು ಯತ್ನಿಸಿವೆ. ಆದರೆ ಇ.ಸಿ.ಯಲ್ಲಿ ಕಾಣದ ಹಳೆಯ ಅಡಮಾನಗಳು ಎಷ್ಟೋ ಪೆಟ್ಟಿಗೆಗಳಲ್ಲಿ ಇನ್ನೂ ಕುಳಿತಿವೆ.

ಈಗ ಮೇಷ್ಟರ ಹೆಂಡತಿಯ ಪ್ರಶ್ನೆಗೆ ಬರೋಣ. ತಿಳಿಯದೆ ಕೊಂಡವನಿಗೆ ಕಾನೂನಿನ ರಕ್ಷಣೆಯಿಲ್ಲವೇ?

ಕೆಲವು ವಿಷಯಗಳಲ್ಲಿ ಇದೆ. ಸ್ವತ್ತಿನ ಮೇಲೆ ಬರಿಯ ‘ಹೊರೆ’ ಇದ್ದು, ಕೊಂಡವನು ಅದನ್ನು ತಿಳಿಯದೆ ಬೆಲೆ ಕೊಟ್ಟು ಕೊಂಡಿದ್ದರೆ, ಆ ಹೊರೆ ಸಾಮಾನ್ಯವಾಗಿ ಅವನನ್ನು ಕಟ್ಟದೆಂದು ಕಾಯಿದೆಯ 100ನೆಯ ಕಲಂ ಹೇಳುತ್ತದೆ. ಮಾಲೀಕನು ಮೊದಲು ಬೇರೊಬ್ಬನೊಡನೆ ಕ್ರಯದ ಕರಾರು ಮಾಡಿಕೊಂಡಿದ್ದರೂ, ತಿಳಿಯದೆ ಕೊಂಡವನಿಗೆ ರಕ್ಷಣೆಯುಂಟು. ಆದರೆ ಅಡಮಾನವು ಕರಾರೂ ಅಲ್ಲ, ಬರಿಯ ಹೊರೆಯೂ ಅಲ್ಲ. ಅಡಮಾನ ಮಾಡಿದ ಕ್ಷಣವೇ ಸ್ವತ್ತಿನಲ್ಲಿ ಒಂದು ಹಕ್ಕು ಸಾಲಿಗನಿಗೆ ಹೊರಟುಹೋಗುತ್ತದೆ. ಮಾಲೀಕನಲ್ಲಿ ಉಳಿದುದು ಆ ಹಕ್ಕನ್ನು ಕಳೆದ ಮಿಕ್ಕ ಭಾಗ. ತನ್ನಲ್ಲಿ ಇಲ್ಲದುದನ್ನು ಅವನು ಮಾರಲಾರ. ಅವನು ಎಷ್ಟೇ ಬಾಯಿ ತುಂಬ ಹೇಳಿದರೂ, ನೀವು ಎಷ್ಟೇ ಪ್ರಾಮಾಣಿಕವಾಗಿ ನಂಬಿದರೂ, ನಿಮಗೆ ಬರುವುದು ಆ ಮಿಕ್ಕ ಭಾಗವೇ. ಪತ್ರ ಒಪ್ಪಿಸಿ ಮಾಡಿದ ಅಡಮಾನಕ್ಕೂ ಸಾಧಾರಣ ಅಡಮಾನದ ನಿಯಮಗಳೇ ಸಲ್ಲುತ್ತವೆಂದು 1929ರ ತಿದ್ದುಪಡಿ ಸ್ಪಷ್ಟಪಡಿಸಿತು. ಅದೇ ವರ್ಷದ ಇನ್ನೊಂದು ತಿದ್ದುಪಡಿ ನೋಂದಣಿ ಕಾಯಿದೆಗೆ ಸೇರಿ, ಪತ್ರ ಒಪ್ಪಿಸಿದ ಅಡಮಾನವು ಆ ನಂತರ ನೋಂದಾಯಿಸಿದ ಅಡಮಾನ ಪತ್ರಕ್ಕಿಂತಲೂ ಮೇಲೆಂದು ಸಾರಿತು. ನೋಂದಣಿಯ ಮೊಹರು ಎಲ್ಲವನ್ನೂ ಗೆಲ್ಲುತ್ತದೆಂದು ನಂಬಿದ ನಮಗೆ ಇದು ಆಶ್ಚರ್ಯವೇ ಸರಿ.

ಸಾಲಿಗನು ಅಜಾಗ್ರತೆಯಿಂದ ನಡೆದರೆ? ಕಲ್ಕತ್ತ ಹೈಕೋರ್ಟಿನ ಮುಂದೆ 1929ರಲ್ಲಿ ಒಂದು ವ್ಯಾಜ್ಯ ಬಂದಿತ್ತು. ಸಾಲಗಾರನೊಬ್ಬ ಬ್ಯಾಂಕಿಗೆ ಹೋಗಿ, ‘ಮನೆ ಕೊಳ್ಳುವವರು ಬಂದಿದ್ದಾರೆ, ಪತ್ರಗಳನ್ನು ತೋರಿಸಬೇಕು’ ಎಂದು ಹೇಳಿ ತಾನೊಪ್ಪಿಸಿದ್ದ ಪತ್ರಗಳನ್ನು ಹಿಂದಕ್ಕೆ ಪಡೆದ. ನೇರವಾಗಿ ಇನ್ನೊಂದು ಬ್ಯಾಂಕಿಗೆ ಹೋಗಿ ಅವನ್ನೇ ಒಪ್ಪಿಸಿ ಹೊಸ ಸಾಲ ತೆಗೆದ. ನಂಬಿ ಪತ್ರ ಕೊಟ್ಟ ಮೊದಲ ಬ್ಯಾಂಕಿನದು ಘೋರ ಅಜಾಗ್ರತೆಯೆಂದು ನ್ಯಾಯಾಲಯ ತೀರ್ಮಾನಿಸಿ, ಅದನ್ನು ಎರಡನೆಯ ಬ್ಯಾಂಕಿನ ಹಿಂದಕ್ಕೆ ಸರಿಸಿತು. ಆಧಾರವಾದುದು ಕಾಯಿದೆಯ 78ನೆಯ ಕಲಂ. ಆದರೆ ಆ ಕಲಮನ್ನು ಗಮನವಿಟ್ಟು ಓದಿದರೆ, ಅದು ಮಾತನಾಡುವುದು ಸ್ವತ್ತಿನ ಭದ್ರತೆಯ ಮೇಲೆ ಸಾಲ ಕೊಟ್ಟವನ ವಿಷಯ. ಜೀವಮಾನದ ಗಳಿಕೆಯನ್ನು ಕೊಟ್ಟು ಮನೆ ಕೊಂಡವನ ಹೆಸರು ಅದರಲ್ಲಿ ಇಲ್ಲ. ಶಾಸನ ಬರೆದವರ ಕಣ್ಣಿನ ಮುಂದೆ ಇದ್ದುದು ಬ್ಯಾಂಕುಗಳ ಜಗಳ, ಮೇಷ್ಟರ ಮನೆಯಲ್ಲ.

ಹಾಗಾದರೆ ಕೊಳ್ಳುವವನು ಏನನ್ನು ನಂಬಬೇಕು? ನೋಂದಣಿಯಿಲ್ಲದ ಈ ಅಡಮಾನ ಹೊರಗೆ ಒಂದೇ ಒಂದು ಗುರುತನ್ನು ಬಿಡುತ್ತದೆ: ಮೂಲಪತ್ರ ಮಾಲೀಕನ ಮನೆಯಲ್ಲಿ ಇರುವುದಿಲ್ಲ. ಇರಬೇಕಾದುದು ಇಲ್ಲದಿರುವುದೇ ಅದರ ಸಾಕ್ಷ್ಯ. ತಿಳಿಯಬಹುದಾದುದನ್ನು ಬೇಕೆಂದೇ ವಿಚಾರಿಸದೆ ಬಿಟ್ಟವನು ಅದನ್ನು ತಿಳಿದವನೆಂದೇ ಕಾಯಿದೆ ಭಾವಿಸುತ್ತದೆ. ‘ಪತ್ರ ಕಳೆದುಹೋಗಿದೆ’ ಎಂಬ ಮಾತು ಕೇಳಿದೊಡನೆ ಕಿವಿ ನಿಮಿರಬೇಕು. ಪೋಲೀಸು ದೂರಿನ ಸ್ವೀಕೃತಿಯು ಒಬ್ಬನು ದೂರು ಕೊಟ್ಟನೆಂಬುದಕ್ಕೆ ಸಾಕ್ಷಿ, ಪತ್ರ ಕಳೆದುದಕ್ಕಲ್ಲ. ದೃಢೀಕೃತ ನಕಲು ಎಷ್ಟು ಬೇಕಾದರೂ ದೊರೆಯುತ್ತದೆ. ಮೂಲದ ಮೇಲೆ ಸಾಲ ಪಡೆದವನಿಗೂ ದೊರೆಯುತ್ತದೆ. ಬಣ್ಣದ ಜೆರಾಕ್ಸು ಈಗ ಮೂಲದಂತೆಯೇ ಕಾಣುತ್ತದೆ. ರುಜು ಹಾಕಿದ ಶಾಯಿಯನ್ನೂ ಮೊಹರಿನ ಒತ್ತನ್ನೂ ಬೆಳಕಿಗೆ ಹಿಡಿದು ನೋಡಬೇಕು. ಮಾರುವವನು ಕೊಂಡ ಪತ್ರ ಮಾತ್ರವಲ್ಲ, ಅವನಿಗೆ ಮಾರಿದವನು ಕೊಂಡ ಪತ್ರ, ಅದರ ಹಿಂದಿನದು, ಹೀಗೆ ತಾಯಿಪತ್ರದವರೆಗೆ ಎಲ್ಲದರ ಮೂಲವನ್ನೂ ಕೇಳಬೇಕು.

ಮೂಲವಿಲ್ಲದಿರಲು ನಿಜವಾದ ಕಾರಣಗಳೂ ಉಂಟು. ದೊಡ್ಡ ಜಮೀನು ಭಾಗವಾದಾಗ ಪತ್ರ ಅಣ್ಣನ ಬಳಿಯಲ್ಲಿ ಉಳಿಯುತ್ತದೆ. ಅಣ್ಣನ ಮನೆಗೆ ಹೋಗಿ ನೋಡಿ ಬರುವುದು ಕಷ್ಟವಲ್ಲ. ಬ್ಯಾಂಕೇ ಕಳೆದುಕೊಂಡಿತೆಂದು ಮಾರುವವನು ಹೇಳಿದರೆ ಬ್ಯಾಂಕಿನಿಂದ ಬರಹ ತರಲಿ. ಸಾಲ ತೀರಿದ 30 ದಿನಗಳೊಳಗೆ ಪತ್ರಗಳನ್ನು ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ಆಜ್ಞೆ ಮಾಡಿದೆ. ಪತ್ರ ಕಳೆದ ಬ್ಯಾಂಕು ಸುಮ್ಮನೆ ಕೂಡುವಂತಿಲ್ಲ.

ಇನ್ನೊಂದು ದಾರಿಯೂ ಈಗ ತೆರೆದಿದೆ. ಒಂದೇ ಮನೆಯ ಮೇಲೆ ಎರಡು ಮೂರು ಬ್ಯಾಂಕುಗಳಲ್ಲಿ ಸಾಲ ಎತ್ತುವವರ ಹಾವಳಿ ತಾಳಲಾರದೆ ಕೇಂದ್ರ ಸರ್ಕಾರವು 2011ರಲ್ಲಿ ‘ಸೆರ್ಸಾಯ್’ ಎಂಬ ಕೇಂದ್ರ ದಾಖಲೆ ಕಚೇರಿಯನ್ನು ಆರಂಭಿಸಿತು. ಪತ್ರ ಒಪ್ಪಿಸಿ ಪಡೆದ ಅಡಮಾನಗಳನ್ನು ಬ್ಯಾಂಕುಗಳು ಅಲ್ಲಿ ದಾಖಲಿಸಬೇಕು. ಅಲ್ಪ ಶುಲ್ಕ ತೆತ್ತು ಯಾರು ಬೇಕಾದರೂ ಕಂಪ್ಯೂಟರಿನ ಮೂಲಕ ಹುಡುಕಿ ನೋಡಬಹುದು. 2020ರ ಜನವರಿಯಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಅಲ್ಲಿ ದಾಖಲಾಗದ ಅಡಮಾನವನ್ನು ಬ್ಯಾಂಕು ಸರ್ಫೇಸಿ ಕಾಯಿದೆಯ ಬಿರುಸಿನ ಮಾರ್ಗದಿಂದ, ಎಂದರೆ ನ್ಯಾಯಾಲಯಕ್ಕೆ ಹೋಗದೆ ಸ್ವಾಧೀನ ಮಾಡಿಕೊಂಡು, ವಸೂಲು ಮಾಡುವಂತಿಲ್ಲ. ದಾಖಲಾದುದು ಮಾತ್ರ ಲೋಕಕ್ಕೆಲ್ಲ ತಿಳಿದಂತೆಯೇ ಲೆಕ್ಕ. ‘ನನಗೆ ತಿಳಿಯದು’ ಎಂದರೆ ನಡೆಯದು. ನಮ್ಮ ಮೇಷ್ಟರ ಮನೆಯ ಅಡಮಾನವೂ ಅಲ್ಲಿ ದಾಖಲಾಗಿತ್ತು. ನೋಡಬೇಕೆಂದು ಅವರಿಗೆ ಹೇಳಿದವರಿಲ್ಲ. ಬ್ಯಾಂಕಿನಲ್ಲಿ ಸಾಲ ಮಾಡಿ ಮನೆ ಕೊಂಡಿದ್ದರೆ ಆ ಬ್ಯಾಂಕಿನ ವಕೀಲರೇ ಇದನ್ನೆಲ್ಲ ಹುಡುಕಿ, ಮೂಲಪತ್ರವಿಲ್ಲದೆ ಕಾಸೂ ಕೊಡುತ್ತಿರಲಿಲ್ಲ. ಸಾಲವಿಲ್ಲದೆ ಕೊಳ್ಳುವ ಮರ್ಯಾದಸ್ಥರೇ ಇಲ್ಲಿ ಹೆಚ್ಚು ಸಿಕ್ಕಿಬೀಳುತ್ತಾರೆ. ಖಾಸಗಿಯಾಗಿ ಬಡ್ಡಿಗೆ ಕೊಟ್ಟ ಸಾಹುಕಾರನ ಪೆಟ್ಟಿಗೆಯೊಳಗಿನ ಪತ್ರ ಸೆರ್ಸಾಯ್‌ನಲ್ಲಿಯೂ ಸಾಮಾನ್ಯವಾಗಿ ಕಾಣದು. ಅದಕ್ಕೆ ಮೂಲಪತ್ರವನ್ನು ಕಣ್ಣಾರೆ ಕಾಣುವುದು, ಪತ್ರಿಕೆಗಳಲ್ಲಿ ವಕೀಲರಿಂದ ಜಾಹೀರು ಪ್ರಕಟಣೆ ಕೊಡಿಸುವುದು, ಇಷ್ಟೇ ಉಪಾಯ.

ಇಷ್ಟು ಹೇಳಿದ ಮಾತ್ರಕ್ಕೆ ಸಾಲವಿರುವ ಮನೆಯನ್ನೇ ಕೊಳ್ಳಬಾರದೆಂದು ತಿಳಿಯಬೇಡಿ. ‘ಮನೆಯ ಮೇಲೆ ಇಂಥ ಬ್ಯಾಂಕಿನಲ್ಲಿ ಇಷ್ಟು ಸಾಲವಿದೆ’ ಎಂದು ಮೊದಲೇ ಹೇಳುವವನು, ‘ಏನೂ ಇಲ್ಲ, ಪತ್ರ ಕಳೆದಿದೆ’ ಎನ್ನುವವನಿಗಿಂತ ಎಷ್ಟೋ ಮೇಲು. ಬ್ಯಾಂಕಿನಿಂದ ಬಾಕಿಯ ಲೆಕ್ಕವನ್ನು ಬರಹದಲ್ಲಿ ತರಿಸಿ, ಅಷ್ಟು ಹಣವನ್ನು ಮಾರುವವನ ಕೈಗೆ ಕೊಡದೆ ಬ್ಯಾಂಕಿನ ಹೆಸರಿಗೇ ಡ್ರಾಫ್ಟ್ ತೆಗೆದು ಸಲ್ಲಿಸಿ, ಮೂಲಪತ್ರವನ್ನೂ ಸಾಲ ತೀರಿದ ಪತ್ರವನ್ನೂ ಪಡೆದು, ಮಿಕ್ಕ ಹಣವನ್ನು ಕ್ರಯದ ದಿನ ಕೊಡಬಹುದು. ಫ್ಲಾಟು ಕೊಳ್ಳುವವರಿಗೆ 2016ರ ರೇರಾ ಕಾಯಿದೆ ಸ್ವಲ್ಪ ಹೆಚ್ಚಿನ ಆಸರೆ ನೀಡಿದೆ: ನಿಮ್ಮೊಡನೆ ಕರಾರು ಮಾಡಿಕೊಂಡ ಮೇಲೆ ಕಟ್ಟಡ ಕಟ್ಟುವವನು ಆ ಫ್ಲಾಟನ್ನು ಅಡಮಾನ ಮಾಡಿದರೆ ಅದು ನಿಮ್ಮ ಹಕ್ಕನ್ನು ತಟ್ಟದು. ಕರಾರಿಗೆ ಮೊದಲು ಮಾಡಿದ್ದರೆ ಆ ಮಾತು ಬೇರೆ.

ಮೇಷ್ಟರು ಸ್ವಾಧೀನದ ನೋಟೀಸು ಬಂದ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋದರು. ಅಡಮಾನ ಮೊದಲಿನದು, ಕ್ರಯ ನಂತರದ್ದು. ವಕೀಲರು ಸುಳ್ಳು ಭರವಸೆ ಕೊಡಲಿಲ್ಲ. ಆದರೆ ಕಾಯಿದೆಯೊಳಗೆ ಎರಡು ಆಸರೆಗಳನ್ನು ಹುಡುಕಿದರು. ಅಂಗಡಿಯವರು ಅದೇ ಸಾಲಕ್ಕೆ ಅಂಗಡಿಯ ಪತ್ರವನ್ನೂ ಅದೇ ಬ್ಯಾಂಕಿನಲ್ಲಿ ಒಪ್ಪಿಸಿದ್ದರು. ಎರಡು ಸ್ವತ್ತುಗಳನ್ನು ಒಬ್ಬನಿಗೇ ಅಡಮಾನ ಮಾಡಿ ಅವುಗಳಲ್ಲಿ ಒಂದನ್ನು ಮಾರಿದಾಗ, ಬೇರೆ ಕರಾರಿಲ್ಲದಿದ್ದರೆ, ಸಾಲವನ್ನು ಮೊದಲು ಮಾರದೆ ಉಳಿದ ಸ್ವತ್ತಿನಿಂದ ತೀರಿಸಿಕೊಳ್ಳಬೇಕೆಂದು ಕೇಳುವ ಹಕ್ಕು ಕೊಂಡವನಿಗೆ 56ನೆಯ ಕಲಮಿನಲ್ಲಿದೆ. ಅಂಗಡಿ ಹರಾಜಾಯಿತು. ಅದರಿಂದ ಸಾಲದ ಬಹುಭಾಗ ತೀರಿತು, ಪೂರ್ತಿಯಲ್ಲ. ಉಳಿದುದನ್ನು 91ನೆಯ ಕಲಮಿನಂತೆ, ಸ್ವತ್ತಿನಲ್ಲಿ ಹಿತವುಳ್ಳವರಾಗಿ, ಮೇಷ್ಟರೇ ಕಟ್ಟಿ ಅಡಮಾನ ಬಿಡಿಸಿಕೊಂಡರು. ಎರಡನೆಯ ಮಗಳ ಮದುವೆಗೆಂದು ಇಟ್ಟಿದ್ದ ಠೇವಣಿ ಅದಕ್ಕೆ ಹೋಯಿತು. ಸ್ವತ್ತಿನ ಮೇಲಿನ ಹಳೆಯ ಋಣವನ್ನೆಲ್ಲ ತೀರಿಸಿಕೊಡುವುದು ಮಾರುವವನ ಕರ್ತವ್ಯವೆಂದು 55ನೆಯ ಕಲಂ ಹೇಳುವುದರಿಂದ, ಆ ಹಣಕ್ಕಾಗಿ ಅಂಗಡಿಯವರ ಮೇಲೆ ದಾವೆ ಹೂಡಿದ್ದಾರೆ. ಅಂಗಡಿಯವರ ಬಳಿ ಈಗ ಅಂಗಡಿಯೂ ಇಲ್ಲ. ದಾವೆ ನಡೆಯುತ್ತಿದೆ.

ಬ್ಯಾಂಕಿನಿಂದ ಕಂದು ಲಕೋಟೆಯೊಂದನ್ನು ಪಡೆದು ಮೇಷ್ಟರು ಮನೆಗೆ ಬಂದ ದಿನ, ಗಂಡಹೆಂಡಿರು ಅದನ್ನು ನಡುಮನೆಯಲ್ಲಿ ಬಿಚ್ಚಿ ನೋಡಿದರು. ಒಳಗೆ ಮೂಲ ಕ್ರಯಪತ್ರ ಒಂದು ಮೂಲೆಯೂ ಮುದುಡದೆ ಇತ್ತು. ಮೇಲೆ ಬ್ಯಾಂಕಿನವರು ಪತ್ರವನ್ನು ಪಡೆದ ದಿನದ ಚೀಟಿಯಿತ್ತು. ಮೇಷ್ಟರು ಎದ್ದು ಹೋಗಿ ಬೀರುವಿನಿಂದ ಪೋಲೀಸು ದೂರಿನ ಸ್ವೀಕೃತಿಯನ್ನು ತಂದು ಪಕ್ಕದಲ್ಲಿಟ್ಟರು. ಪತ್ರ ಕಳೆದುಹೋಯಿತೆಂದು ಬರೆದುಕೊಟ್ಟ ದಿನಕ್ಕೆ ಅದು ಬ್ಯಾಂಕಿನ ಪೆಟ್ಟಿಗೆಗೆ ಸೇರಿ ಮೂರು ವರ್ಷ ಹನ್ನೊಂದು ತಿಂಗಳಾಗಿತ್ತು.

“ಈ ಎರಡು ಕಾಗದವನ್ನೂ ಒಂದೇ ಲಕೋಟೆಯಲ್ಲಿ ಇಡೀಂದ್ರೆ,” ಎಂದರು ಆಕೆ, “ನಾಳೆ ವಕೀಲರಿಗೆ ತೋರಿಸಬೇಕು.”